ಗಿಡದ ಎತ್ತರ ಮತ್ತು ಲಮಾರ್ಕ್

ಸೇವೆಯಲ್ಲಿದ್ದಾಗ ಗಾಂಜಾ ಗಿಡಗಳನ್ನು ಕಿತ್ತು ಬರೆದ ಮಹಜರುಗಳು ಹಲವು ಬಾರಿ ನನ್ನ ಮೇಜಿಗೆ ಬಂದಿವೆ. ಸಂಖ್ಯೆ, ತೂಕಗಳ ಜತೆಗೆ ಗಿಡಗಳ ಎತ್ತರವನ್ನೂ ನಮೂದಿಸಿರುತ್ತಿದ್ದರು. ಆ ಎತ್ತರದ ಹಿಂದೆ ಒಂದು ದೊಡ್ಡ ಬದುಕಿದೆಯೆಂದು ತಿಳಿದದ್ದು ನಿವೃತ್ತಿಯ ನಂತರದ ಓದಿನಲ್ಲಿ.

ಜಾನ್ ಬಾಪ್ಟಿಸ್ಟ್ ಲಮಾರ್ಕ್ ಉತ್ತರ ಫ್ರಾನ್ಸಿನ ಬಡ ಕುಲೀನ ಕುಟುಂಬವೊಂದರಲ್ಲಿ 1744ರಲ್ಲಿ ಹನ್ನೊಂದನೆಯ ಮಗುವಾಗಿ ಜನಿಸಿದರು. ಹದಿಹರೆಯದಲ್ಲೇ ಸೈನ್ಯ ಸೇರಿ, ಕುತ್ತಿಗೆಯ ಗಾಯದಿಂದಾಗಿ ಅದನ್ನು ತೊರೆದರು. ಫ್ರಾನ್ಸಿನ ಸಸ್ಯಸಂಪತ್ತನ್ನು ಕುರಿತ ಮೂರು ಸಂಪುಟಗಳ ಗ್ರಂಥ ಅವರಿಗೆ ಹೆಸರು ತಂದಿತು.

ನಾರಿಗಾಗಿ ಯುರೋಪಿನ ರೈತರು ಒತ್ತಾಗಿ ಬಿತ್ತುತ್ತಿದ್ದ, ಆಳೆತ್ತರ ಮೀರಿ ನೆಟ್ಟಗೆ ಬೆಳೆಯುವ ಸೆಣಬಿಗೆ ಲಿನೇಯಸ್ 1753ರಲ್ಲಿ ಕ್ಯಾನಬಿಸ್ ಸಟೈವಾ ಎಂದು ಹೆಸರಿಟ್ಟಿದ್ದರು. ಪ್ರವಾಸಿ ಸೊನೆರಾ ಅವರ ಮೂಲಕ ಭಾರತದಿಂದ ಬಂದ ಮಾದರಿಗಳು ಬೇರೆಯಾಗಿದ್ದವು: ಗಿಡ್ಡ ನಿಲುವು, ಹೆಚ್ಚು ಕವಲು, ಗಟ್ಟಿ ಕಾಂಡ, ತೆಳು ತೊಗಟೆ. ನಾರಿಗೆ ಒದಗದ, ಅಮಲೇರಿಸುವ ಈ ಗಿಡವನ್ನು ಲಮಾರ್ಕ್ 1785ರಲ್ಲಿ ಕ್ಯಾನಬಿಸ್ ಇಂಡಿಕಾ ಎಂಬ ಪ್ರತ್ಯೇಕ ಪ್ರಭೇದವೆಂದು ಕರೆದರು.

ಆಗ ಅವರು ಪ್ರಭೇದಗಳು ಬದಲಾಗವೆಂದೇ ನಂಬಿದ್ದರು. 1793ರಲ್ಲಿ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ಕೀಟ ಮತ್ತು ಹುಳುಗಳ ಪ್ರಾಧ್ಯಾಪಕರಾದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಆ ನಂಬಿಕೆಯನ್ನು ತಾವಾಗಿಯೇ ಕೈಬಿಟ್ಟರು. ಗಳಿಸಿದ ಗುಣಗಳು ಸಂತತಿಗೆ ಇಳಿಯುತ್ತವೆಂಬ ಅವರ ವಿವರಣೆ ಮುಂದೆ ನಿಲ್ಲಲಿಲ್ಲ. ಜೀವಿಗಳು ಕಾಲಾಂತರದಲ್ಲಿ ಬದಲಾಗುತ್ತವೆಂಬ ಮೂಲ ವಿಚಾರ ನಿಂತಿತು.

ಗಾಂಜಾ ಗಿಡದ ಎತ್ತರವೂ ಅಷ್ಟು ಸರಳವಾದ ಲಕ್ಷಣವಲ್ಲ. ಒತ್ತಾಗಿ ಬಿತ್ತಿದರೆ ಅದು ನೀಳವಾಗುತ್ತದೆ, ಅಂತರ ಕೊಟ್ಟರೆ ಕವಲೊಡೆಯುತ್ತದೆ. ಇರುಳು ದೀರ್ಘವಾದಾಗ ಹೂಬಿಟ್ಟು, ಕೆಲವೇ ವಾರಗಳಲ್ಲಿ ಮೇಲ್ಮುಖ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಆದರೆ ಬೇಗ ಹೂಬಿಡುವ ಅಥವಾ ತಡವಾಗಿ ಹೂಬಿಡುವ ಗುಣ ತಳಿಯದು. ತಳಿಗಾರರು ಆರಿಸುವ ಮುಖ್ಯ ಗುಣಗಳಲ್ಲಿ ಅದೂ ಒಂದು. 1976ರಲ್ಲಿ ಸ್ಮಾಲ್ ಮತ್ತು ಕ್ರಾಂಕ್ವಿಸ್ಟ್ ಎರಡನ್ನೂ ಒಂದೇ ಪ್ರಭೇದದೊಳಗೆ ತಂದರು. ಚರ್ಚೆ ಮಾತ್ರ ಮುಗಿದಿಲ್ಲ. ನಮ್ಮ 1985ರ ಮಾದಕ ವಸ್ತು ಕಾಯ್ದೆ ಗಾಂಜಾವನ್ನು ಗುರುತಿಸುವುದು ಎತ್ತರದಿಂದಲ್ಲ, ಹೂ ಅಥವಾ ಕಾಯಿ ಬಿಟ್ಟ ತುದಿಗಳಿಂದ. ನಾರು, ಬೀಜಗಳಿಗಾಗಿ ಬೆಳೆಯಲು ಅನುಮತಿ ನೀಡುವ ಅವಕಾಶವನ್ನೂ ಅದರ 14ನೇ ಸೆಕ್ಷನ್ ಸರ್ಕಾರಕ್ಕೆ ಕೊಟ್ಟಿದೆ.

ಕೊನೆಯ ವರ್ಷಗಳಲ್ಲಿ ಲಮಾರ್ಕ್ ದೃಷ್ಟಿ ಕಳೆದುಕೊಂಡರು. ಮಗಳು ಅವರ ಮಾತನ್ನು ಬರೆದುಕೊಂಡಳು. 1829ರಲ್ಲಿ ತೀರಿಕೊಂಡಾಗ ಸಿಕ್ಕಿದ್ದು ಅವಧಿಗೆ ಬಾಡಿಗೆ ಪಡೆದ ಸಮಾಧಿ. ಇಂದು ಅವರ ಅಸ್ಥಿಗಳ ಗುರುತಿಲ್ಲ.

ಅವರ ಬದುಕನ್ನು ಓದುವಾಗ ನನ್ನನ್ನು ಕಾಡುವುದು ಬಡತನವಲ್ಲ, ಐವತ್ತರ ನಂತರ ಅವರು ಮಾಡಿಕೊಂಡ ಆ ತಿದ್ದುಪಡಿ. ಜನರನ್ನೂ ಜಮೀನನ್ನೂ ವರ್ಗಗಳಾಗಿ ವಿಂಗಡಿಸಿ ಸಹಿ ಹಾಕಿದ ನಾನು, ಆ ಕಡತಗಳಲ್ಲಿ ಎಷ್ಟನ್ನು ತೆರೆದು ಮತ್ತೆ ನೋಡಿದ್ದೆ?