ಜೈಲಿನ ರಾತ್ರಿಗಳಲ್ಲಿ ಕಥೆ ಬರೆದ ಓ ಹೆನ್ರಿ



ಗಂಡನ ಗಡಿಯಾರಕ್ಕೆ ಒಂದು ಚೈನು ತರಬೇಕೆಂದು ಹೆಂಡತಿ ತನ್ನ ಉದ್ದ ಕೂದಲನ್ನೇ ಕತ್ತರಿಸಿ ಮಾರುತ್ತಾಳೆ. ಅವಳ ಕೂದಲಿಗೆ ಒಳ್ಳೆಯ ಬಾಚಣಿಗೆ ತರಬೇಕೆಂದು ಗಂಡ ಆ ಗಡಿಯಾರವನ್ನೇ ಮಾರಿರುತ್ತಾನೆ. ಈ ಕಥೆ ನಿಮ್ಮಲ್ಲಿ ಬಹಳ ಜನ ಕೇಳಿರಬಹುದು. ಇದನ್ನು ಬರೆದವರು ಅಮೆರಿಕದ ಪ್ರಸಿದ್ಧ ಕಥೆಗಾರ ಓ ಹೆನ್ರಿ. ಆದರೆ ಇವರು ಮೂರು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು ಅಂತ ಎಷ್ಟು ಜನಕ್ಕೆ ಗೊತ್ತು? ಅದಕ್ಕೇ ಈ ಸಲ ಅವರ ಜೀವನವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಇವರ ನಿಜವಾದ ಹೆಸರು ವಿಲಿಯಂ ಸಿಡ್ನಿ ಪೋರ್ಟರ್. 1862ರ ಸೆಪ್ಟೆಂಬರ್ 11ರಂದು ಉತ್ತರ ಕೆರೊಲಿನಾ ರಾಜ್ಯದ ಗ್ರೀನ್ಸ್‌ಬರೊ ಊರಿನಲ್ಲಿ ಹುಟ್ಟಿದರು. ತಂದೆ ವೈದ್ಯರು. ಮೂರನೇ ವರ್ಷಕ್ಕೇ ತಾಯಿ ಟಿ.ಬಿ. ಕಾಯಿಲೆಯಿಂದ ತೀರಿಹೋದರು. ಒಂದು ಸಣ್ಣ ಶಾಲೆ ನಡೆಸುತ್ತಿದ್ದ ಸೋದರತ್ತೆಯೇ ಇವರಿಗೆ ಅಕ್ಷರ ಕಲಿಸಿದರು. ಆ ಅತ್ತೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಒಂದು ಆಟ ಆಡಿಸುತ್ತಿದ್ದರು. ಒಬ್ಬರು ಕಥೆ ಶುರು ಮಾಡಬೇಕು, ಮುಂದಿನವರು ಅದನ್ನು ಬೆಳೆಸಬೇಕು. ಕಥೆಯ ಬೀಜ ಅಲ್ಲೇ ಬಿತ್ತು ಅನ್ನಬಹುದು.

ಹದಿನೈದನೇ ವಯಸ್ಸಿಗೆ ಶಾಲೆ ಬಿಟ್ಟು ಚಿಕ್ಕಪ್ಪನ ಔಷಧಿ ಅಂಗಡಿ ಸೇರಿದರು. 1881ರಲ್ಲಿ ಔಷಧಿ ಕೊಡುವ ಲೈಸೆನ್ಸೂ ಸಿಕ್ಕಿತು. ಈ ಕೆಲಸವನ್ನು ನೆನಪಿನಲ್ಲಿಡಿ, ಮುಂದೆ ಇದೇ ಅವರನ್ನು ಕಾಪಾಡಿತು. 1882ರಲ್ಲಿ ಟೆಕ್ಸಾಸ್‌ಗೆ ಹೋಗಿ ಒಂದು ಕುರಿ ಫಾರಂನಲ್ಲಿ ಇದ್ದರು. ಆಮೇಲೆ ಆಸ್ಟಿನ್ ಪಟ್ಟಣಕ್ಕೆ ಬಂದು ಸರ್ಕಾರಿ ಭೂಮಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿದರು. 1887ರಲ್ಲಿ ಆಥೊಲ್ ಎಂಬಾಕೆಯನ್ನು ಮದುವೆಯಾದರು. 1889ರಲ್ಲಿ ಮಗಳು ಮಾರ್ಗರೆಟ್ ಹುಟ್ಟಿದಳು.

1891ರಲ್ಲಿ ಒಂದು ಬ್ಯಾಂಕಿನಲ್ಲಿ ಹಣ ಕೊಡುವ, ತೆಗೆದುಕೊಳ್ಳುವ ಕೆಲಸಕ್ಕೆ ಸೇರಿದರು. ಜೊತೆಗೆ ರೋಲಿಂಗ್ ಸ್ಟೋನ್ ಅಂತ ಒಂದು ನಗೆ ವಾರಪತ್ರಿಕೆಯನ್ನೂ ನಡೆಸಿದರು. ನಮ್ಮ ಗೋಡೆ ಪತ್ರಿಕೆ ಹಾಗೇನೇ! ಬರೆಯೋದೂ ಅವರೇ, ಚಿತ್ರ ಬಿಡಿಸೋದೂ ಅವರೇ. ಆದರೆ ಅದು 1895ರಲ್ಲಿ ನಿಂತುಹೋಯಿತು.

ಅಷ್ಟರಲ್ಲಿ ಬ್ಯಾಂಕಿನ ಲೆಕ್ಕದಲ್ಲಿ ಹಣ ಕಡಿಮೆ ಬಂದಿತ್ತು. 1896ರಲ್ಲಿ ಪೋರ್ಟರ್ ಅವರನ್ನು ಬಂಧಿಸಿದರು. ಜಾಮೀನಿನ ಮೇಲೆ ಹೊರಗೆ ಬಂದವರು ವಿಚಾರಣೆಗೆ ಹೊರಟು, ದಾರಿಯಲ್ಲೇ ರೈಲು ಬದಲಾಯಿಸಿ ತಪ್ಪಿಸಿಕೊಂಡರು. ಹೊಂಡುರಾಸ್ ದೇಶಕ್ಕೇ ಓಡಿಹೋದರು. ಇದು ತಪ್ಪೇ, ಮುಚ್ಚಿಡುವುದು ಬೇಡ. ಆದರೆ ಹೆಂಡತಿಗೆ ಟಿ.ಬಿ. ಜೋರಾಗಿದೆ ಎಂಬ ಸುದ್ದಿ ಮುಟ್ಟಿದಾಗ, ಹಿಡಿಯುತ್ತಾರೆಂದು ಗೊತ್ತಿದ್ದೂ 1897ರಲ್ಲಿ ವಾಪಸ್ಸು ಬಂದರು. ಅದೇ ವರ್ಷ ಜುಲೈನಲ್ಲಿ ಆಥೊಲ್ ತೀರಿಕೊಂಡರು. 1898ರಲ್ಲಿ ನ್ಯಾಯಾಲಯ ಐದು ವರ್ಷ ಶಿಕ್ಷೆ ಕೊಟ್ಟಿತು. ಆಗ ಮಗಳಿಗೆ ಎಂಟು ವರ್ಷ.

1898ರ ಮಾರ್ಚ್‌ನಲ್ಲಿ ಪೋರ್ಟರ್ ಕೊಲಂಬಸ್ ನಗರದ ಓಹಿಯೊ ಜೈಲಿಗೆ ಬಂದರು. ಅಲ್ಲಿ ಅವರು ಕೈದಿ ನಂಬರ್ 30664. ಜೈಲಿನ ಆಸ್ಪತ್ರೆಗೆ ಔಷಧಿ ಗೊತ್ತಿದ್ದವರು ಬೇಕಾಗಿದ್ದರು. ಹೀಗಾಗಿ ರಾತ್ರಿ ಪಾಳಿಯ ಕಾಂಪೌಂಡರ್ ಕೆಲಸ ಸಿಕ್ಕಿತು. ಕಾಯಿಲೆ ಬಿದ್ದ ಕೈದಿಗಳಿಗೆ ಔಷಧಿ ಕೊಟ್ಟು ಬಂದು, ಉಳಿದ ಹೊತ್ತಿನಲ್ಲಿ ಕೂತು ಬರೆಯುತ್ತಿದ್ದರು. ಮಗಳಿಗೆ ತಮಾಷೆಯ ಕಾಗದ ಬರೆಯುತ್ತಿದ್ದರು. ಅವಳಿಗೆ ಅಪ್ಪ ಜೈಲಿನಲ್ಲಿದ್ದಾನೆ ಅಂತ ಯಾರೂ ಹೇಳಿರಲಿಲ್ಲ. ಕೆಲಸದ ಮೇಲೆ ಪರಊರಿಗೆ ಹೋಗಿದ್ದಾನೆ ಅಂತಲೇ ತಿಳಿದಿದ್ದಳು.

ಅವಳ ಖರ್ಚಿಗೆ ಹಣ ಬೇಕಲ್ಲವೇ? ಅದಕ್ಕೆ ಕಥೆ ಬರೆದರು. ಕಥೆಗಳು ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಒಬ್ಬ ಸ್ನೇಹಿತರ ಮೂಲಕ ಪತ್ರಿಕೆಗಳಿಗೆ ಹೋಗುತ್ತಿದ್ದವು. ಬರೆದವರು ಕೈದಿ ಅಂತ ಸಂಪಾದಕರಿಗೆ ಗೊತ್ತಾಗುತ್ತಿರಲಿಲ್ಲ. 1899ರ ಡಿಸೆಂಬರ್‌ನಲ್ಲಿ ಮೆಕ್‌ಕ್ಲೂರ್ಸ್ ಎಂಬ ದೊಡ್ಡ ಪತ್ರಿಕೆಯಲ್ಲಿ ಒಂದು ಕಥೆ ಬಂತು. ಕೆಳಗೆ ಇದ್ದ ಹೆಸರು ಓ ಹೆನ್ರಿ. ಒಟ್ಟು ಹದಿನಾಲ್ಕು ಕಥೆಗಳು ಅವರು ಜೈಲಿನಲ್ಲಿದ್ದಾಗ ಅಚ್ಚಾದವು. ಒಳಗೆ ನಂಬರ್ ಆಗಿದ್ದ ಮನುಷ್ಯ ಹೊರಗೆ ಒಂದು ಹೊಸ ಹೆಸರು ಪಡೆದರು.

ಆಲ್ ಜೆನಿಂಗ್ಸ್ ಎಂಬ ರೈಲು ದರೋಡೆಕೋರನೂ ಅದೇ ಜೈಲಿನಲ್ಲಿದ್ದ. ಪೋರ್ಟರ್ ತಾವು ಬರೆದ ಕಥೆಯನ್ನು ಅವನಿಗೂ ಇನ್ನೊಬ್ಬ ಕೈದಿಗೂ ಓದಿ ಹೇಳಿದರಂತೆ. ಕೇಳುತ್ತಾ ಕೇಳುತ್ತಾ ಆ ಗಟ್ಟಿ ಎದೆಯ ಕೈದಿಗೂ ಕಣ್ಣಲ್ಲಿ ನೀರು ಬಂತು ಅಂತ ಜೆನಿಂಗ್ಸ್ 1921ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಪೋರ್ಟರ್ ಇವನಿಗೂ ಬರೆಯಲು ಹುರಿದುಂಬಿಸಿದರು. ಬಿಡುಗಡೆಯಾದ ಮೇಲೆ ಹೇಗೆ ಬರೆಯಬೇಕೆಂದು ಕಾಗದದಲ್ಲಿ ಹೇಳಿಕೊಟ್ಟರು. ರೈಲು ದರೋಡೆ ಹೇಗೆ ನಡೆಯುತ್ತದೆ ಎಂಬ ಅವನ ಅನುಭವವನ್ನು ತಿದ್ದಿ, 1904ರಲ್ಲಿ ಮೆಕ್‌ಕ್ಲೂರ್ಸ್‌ನಲ್ಲೇ ಬರುವಂತೆ ಮಾಡಿದರು. ಬಂದೂಕು ಹಿಡಿದಿದ್ದ ಕೈಗೆ ಪೆನ್ನು ಕೊಟ್ಟ ಹಾಗಾಯಿತು. ಜೆನಿಂಗ್ಸ್ ಮತ್ತೆ ದರೋಡೆಗೆ ಹೋಗಲಿಲ್ಲ. ಪುಸ್ತಕ ಬರೆದ, ಓಕ್ಲಹೋಮದಲ್ಲಿ ಗವರ್ನರ್ ಆಗಬೇಕೆಂದು ಚುನಾವಣೆಗೂ ನಿಂತ!

ಸನ್ನಡತೆಗಾಗಿ ಪೋರ್ಟರ್ ಅವರನ್ನು 1901ರ ಜುಲೈ 24ರಂದು ಬಿಟ್ಟರು. 1902ರಲ್ಲಿ ನ್ಯೂಯಾರ್ಕ್ ಸೇರಿ ಒಂದು ಪತ್ರಿಕೆಗೆ ವಾರಕ್ಕೊಂದು ಕಥೆ ಬರೆದರು. ಮೊದಲು ಹೇಳಿದ ಕೂದಲು, ಗಡಿಯಾರದ ಕಥೆ 1906ರ ಪುಸ್ತಕದಲ್ಲಿದೆ.

ಅವರ ಇನ್ನೊಂದು ಕಥೆ ಕೇಳಿ. ಜಿಮ್ಮಿ ವ್ಯಾಲೆಂಟೈನ್ ತಿಜೋರಿ ಒಡೆಯುವುದರಲ್ಲಿ ನಿಪುಣ. ಜೈಲಿನಿಂದ ಬಂದು, ಒಂದು ಊರಿನಲ್ಲಿ ಪ್ರೀತಿಗೆ ಬಿದ್ದು, ಕಳ್ಳತನ ಬಿಟ್ಟು ಚಪ್ಪಲಿ ಅಂಗಡಿ ಇಡುತ್ತಾನೆ. ಒಂದು ದಿನ ಪುಟ್ಟ ಹುಡುಗಿ ಬ್ಯಾಂಕಿನ ತಿಜೋರಿ ಕೋಣೆಯೊಳಗೆ ಸಿಕ್ಕಿಕೊಳ್ಳುತ್ತಾಳೆ. ಬಾಗಿಲು ತೆಗೆದರೆ ತಾನು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ, ತೆಗೆಯದಿದ್ದರೆ ಮಗು ಸಾಯುತ್ತದೆ. ಜಿಮ್ಮಿ ತೆಗೆಯುತ್ತಾನೆ. ಅವನನ್ನು ಹಿಡಿಯಲು ಬಂದಿದ್ದ ಪತ್ತೇದಾರ ಅದನ್ನು ನೋಡಿ, ಗುರುತೇ ಇಲ್ಲದವನಂತೆ ಹೊರಟುಹೋಗುತ್ತಾನೆ.

ಓದಿದಾಗ ನನಗೆ ಅನ್ನಿಸಿದ್ದು ಇಷ್ಟು. ಆ ಪತ್ತೇದಾರನಂಥ ಒಬ್ಬ ಮನುಷ್ಯ ತನಗೂ ಸಿಗಲಿ ಅಂತ ಓ ಹೆನ್ರಿ ಆಸೆಪಟ್ಟಿರಬೇಕು. ಯಾಕೆಂದರೆ ಅಷ್ಟು ಹೆಸರು ಬಂದ ಮೇಲೂ ಜೈಲಿನ ವಿಷಯವನ್ನು ಅವರು ಬಚ್ಚಿಟ್ಟುಕೊಂಡೇ ಬದುಕಿದರು. ಕುಡಿತವೂ ಹೆಚ್ಚಿ, ಆರೋಗ್ಯ ಕೆಟ್ಟು, 1910ರ ಜೂನ್ 5ರಂದು ತೀರಿಕೊಂಡರು. ಆಗ ಅವರಿಗೆ ಬರೀ 47 ವರ್ಷ. 1916ರಲ್ಲಿ ಬಂದ ಅವರ ಜೀವನ ಚರಿತ್ರೆಯಿಂದಲೇ ಓದುಗರಿಗೆ ಜೈಲಿನ ವಿಷಯ ತಿಳಿಯಿತು. ಕಥೆಗಳ ಮೇಲಿನ ಪ್ರೀತಿ ಮಾತ್ರ ಕಡಿಮೆಯಾಗಲಿಲ್ಲ.

ಕೈದಿಗಳಿಗೆ ಬರವಣಿಗೆ ಕಲಿಸಿದರೆ ಅವರು ಬದಲಾಗಬಹುದು ಎಂಬ ನಂಬಿಕೆಯಿಂದ ಪೆನ್ ಎಂಬ ಲೇಖಕರ ಸಂಸ್ಥೆ 1971ರಲ್ಲಿ ಅಮೆರಿಕದ ಜೈಲುಗಳಿಗಾಗಿ ಒಂದು ಕಾರ್ಯಕ್ರಮವನ್ನೇ ಶುರು ಮಾಡಿತು. ನಮ್ಮ ಮೈಸೂರು ಜೈಲಿನ ಕೈದಿಗಳೂ ನಾಟಕ ಕಲಿತು ಜನರ ಮುಂದೆ ಆಡಿದ್ದಾರೆ.

ಗೆಳೆಯರೇ, ಪೆನ್ನು ಕೊಟ್ಟರೆ ಅರ್ಧ ಕೆಲಸ ಆಯಿತು. ಉಳಿದ ಅರ್ಧ ಹೊರಗಿರುವ ನಮ್ಮದು. ಜೈಲಿಗೆ ಹೋಗಿ ಬಂದವರು ಎದುರಿಗೆ ಬಂದರೆ ನಾವು ಮಾತು ನಿಲ್ಲಿಸಿ ಪಕ್ಕಕ್ಕೆ ಸರಿಯುತ್ತೇವೆ, ಅವರ ಮಕ್ಕಳನ್ನು ಆಟಕ್ಕೆ ಸೇರಿಸಲ್ಲ. ಇದು ಸರಿಯೇ? ಮಾರ್ಗರೆಟ್‌ನಂಥ ಮಗು ನಮ್ಮ ಕ್ಲಾಸಿನಲ್ಲೂ ಇರಬಹುದು. ಅವಳ ಪಕ್ಕ ಕೂತು ಒಂದು ಕಥೆ ಶುರು ಮಾಡೋಣ. ಮುಂದಿನದನ್ನು ಅವಳು ಹೇಳಲಿ.