ಸಿಡುಬಿಗೆ ಎದುರು ನಿಂತ ದೊಡ್ಡಸ್ವಾಮಿಯವರು

ಗೊರಗುಂಟೆಪಾಳ್ಯದ ಕೂಡುರಸ್ತೆಯಲ್ಲಿ ಹಾಸನದ ಬಸ್ಸು ಹತ್ತುವ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಸಾತಳ್ಳಿಯ ಹೆಸರು ಕೇಳದವರು ವಿರಳ. ಆ ಊರಿನೊಡನೆ ಬೆಸೆದುಕೊಂಡಿರುವ ಫ್ರೆಂಚ್ ಯಾಜಕ ಅಬ್ಬೆ ದುಬಾಯ್ ಅವರನ್ನು ಹಿಂದೂ ಆಚಾರವಿಚಾರಗಳ ಕುರಿತ ಗ್ರಂಥದ ಕರ್ತೃವೆಂದು ವಿದ್ವಾಂಸರು ಬಲ್ಲರು. ಸಹಸ್ರಾರು ಜನರ ಪ್ರಾಣಕ್ಕೆ ರಕ್ಷೆಯಾದ ಸೇವಕರೆಂದೂ ನಾವು ಅವರನ್ನು ಸ್ಮರಿಸುವುದು ಉಚಿತ.

ಫ್ರಾನ್ಸಿನ ಸೇಂಟ್ ರೆಮೇಜ್ ಗ್ರಾಮದಲ್ಲಿ ಜನಿಸಿದ ದುಬಾಯ್, 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ ವಿದೇಶಿ ಮಿಶನ್ ಸಂಸ್ಥೆಯ ಯಾಜಕರಾಗಿ ಅದೇ ವರ್ಷ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ, ಚದರಿಹೋಗಿದ್ದ ಭಕ್ತರನ್ನು ಒಗ್ಗೂಡಿಸಲು ಮೈಸೂರು ಸೀಮೆಗೆ ಬಂದರು. ಇಲ್ಲಿಯ ಉಡುಪು ತೊಟ್ಟರು, ಇಲ್ಲಿಯ ಊಟ ಉಂಡರು, ದೇಶಭಾಷೆಗಳನ್ನು ಕಲಿತರು. ಜನರು ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು.

ಆ ಕಾಲದಲ್ಲಿ ಸಿಡುಬು ಬಂದರೆ ಊರಿಗೆ ಊರೇ ನಡುಗುತ್ತಿತ್ತು. ಬದುಕುಳಿದವರಲ್ಲಿಯೂ ಅನೇಕರು ಕಣ್ಣು ಕಳೆದುಕೊಳ್ಳುತ್ತಿದ್ದರು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಲಸಿಕೆ ಬಾಗ್ದಾದ್, ಬಾಸ್ರಾಗಳ ಮಾರ್ಗವಾಗಿ 1802ರ ಜೂನ್‌ನಲ್ಲಿ ಮುಂಬಯಿ ತಲುಪಿತು. ಶೈತ್ಯಪೆಟ್ಟಿಗೆಗಳಿಲ್ಲದ ಆ ದಿನಗಳಲ್ಲಿ ಲಸಿಕೆ ಪಯಣಿಸಿದ್ದು ಮಕ್ಕಳ ತೋಳುಗಳ ಮೇಲೆ. ಒಂದು ಮಗುವಿಗೆ ದಾಕು ಹಾಕಿ, ಸುಮಾರು ಎಂಟು ದಿನಗಳಲ್ಲಿ ಎದ್ದ ಗುಳ್ಳೆಯ ರಸವನ್ನು ಮತ್ತೊಂದು ಮಗುವಿನ ತೋಳಿಗೆ ದಾಟಿಸಬೇಕಿತ್ತು. ಒಂದು ಕೊಂಡಿ ಕಳಚಿದರೂ ಸರಪಳಿ ನಿಂತುಹೋಗುತ್ತಿತ್ತು.

ಹೀಗಿರುವಾಗ ಪರದೇಶದ ಔಷಧಿಗಿಂತ ಮಿಗಿಲಾಗಿ ಬೇಕಾಗಿದ್ದುದು ಹಳ್ಳಿಯ ತಾಯಿಯ ನಂಬಿಕೆ. ರೋಗವನ್ನು ಅಮ್ಮನೆಂದು ಭಾವಿಸಿ ಭಯಭಕ್ತಿಯಿಂದ ಬಾಗುತ್ತಿದ್ದ ಜನರು ಆರೋಗ್ಯವಂತ ಮಗುವಿನ ತೋಳಿಗೆ ಗಾಯ ಮಾಡಿಸಲು ಸುಲಭವಾಗಿ ಒಪ್ಪುವುದುಂಟೆ? ದುಬಾಯ್ ವೈದ್ಯರಾಗಿರಲಿಲ್ಲ, ಆದರೆ ಆ ಜನರ ನಡುವೆ ಬಾಳಿದವರು. 1803-04ರ ಅವಧಿಯಲ್ಲಿ ಅವರ ಪ್ರಯತ್ನದಿಂದ ಮೈಸೂರು ಸೀಮೆಯಲ್ಲಿ ದಾಕು ಹಾಕಿಸಿಕೊಂಡವರ ಸಂಖ್ಯೆ 25,432 ಎಂದು ದಾಖಲಾಗಿದೆ. ತೋಳು ಚಾಚಿದ ಮಕ್ಕಳೂ ಧೈರ್ಯ ತಳೆದ ತಾಯಂದಿರೂ ಈ ಕಾರ್ಯದಲ್ಲಿ ಅವರ ಸಹಭಾಗಿಗಳೇ ಎಂದು ನಾವು ಭಾವಿಸುತ್ತೇವೆ.

ಬಡ ಕ್ರೈಸ್ತರ ಜೀವನೋಪಾಯಕ್ಕಾಗಿ ಅವರು ಬೇಸಾಯದ ನೆಲೆಗಳನ್ನೂ ಸ್ಥಾಪಿಸಿದರು. ಸಾತಳ್ಳಿ ಅವುಗಳಲ್ಲಿ ಪ್ರಮುಖವಾದುದು. ಆದರೂ ಧರ್ಮಪ್ರಸಾರದಲ್ಲಿ ತಾವು ವಿಫಲರಾದೆವೆಂಬ ನೋವು ಅವರನ್ನು ಬಾಧಿಸಿತು. 1823ರಲ್ಲಿ ಸ್ವದೇಶಕ್ಕೆ ಮರಳಿದ ಅವರು ಆ ನಿರಾಶೆಯನ್ನು ಬರಹದಲ್ಲಿಯೂ ಪ್ರಕಟಿಸಿದರು. 1848ರಲ್ಲಿ ಪ್ಯಾರಿಸ್‌ನಲ್ಲಿ ದೈವಾಧೀನರಾದರು. ತಾವು ಬಿತ್ತಿದ್ದು ಫಲಿಸಲಿಲ್ಲವೆಂದು ಅವರು ಕೊರಗಿದರೂ, ಅವರಿಂದ ರಕ್ಷೆ ಪಡೆದ ಮಕ್ಕಳು ಈ ನೆಲದಲ್ಲಿ ಬೆಳೆದು ಬಾಳಿದರು. ಫಲವನ್ನು ಅಳೆಯುವವನು ದೇವರು.

ಭಾರತದಲ್ಲಿ ಸಿಡುಬು ಕೊನೆಗಂಡದ್ದು 1975ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಿತು. ಆ ಮಹಾಕಾರ್ಯಕ್ಕೆ ಅನೇಕ ರಾಷ್ಟ್ರಗಳ ನೆರವಿತ್ತು, ನಿಜ. ಆದರೆ ಮನೆಮನೆಯ ಕದ ತಟ್ಟಿ ರೋಗಿಗಳನ್ನು ಹುಡುಕಿದವರು ನಮ್ಮವರೇ ಆದ ಆರೋಗ್ಯ ಕಾರ್ಯಕರ್ತರು.

ಇಂದಿಗೂ ಪೀಣ್ಯದ ಕಾರ್ಮಿಕರ ವಠಾರಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕಿಸಿರೆಂದು ಬಾಗಿಲಿಗೆ ಬರುವವರು ದಾದಿಯರು, ಆಶಾ ಕಾರ್ಯಕರ್ತೆಯರು. ದೂರದೇಶದ ಧನಸಹಾಯ, ಔಷಧಿಗಳೆಲ್ಲ ಫಲಿಸುವುದು ಇಂಥವರ ಕೈಯಿಂದಲೇ. ಅವರನ್ನು ಬಾಗಿಲಲ್ಲೇ ನಿಲ್ಲಿಸದೆ ಆದರದಿಂದ ಒಳಗೆ ಕರೆಯೋಣ. ದೊಡ್ಡಸ್ವಾಮಿಯವರಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ.