ಆಕ್ಷೇಪಣೆಯಿಂದ ಹುಟ್ಟಿದ ನಕ್ಷೆ: ಜಿ.ಎನ್. ರಾಮಚಂದ್ರನ್

ಅಭ್ಯಾಸ ಬೋಧನೆಯ ದಿನಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಪಾಠ ವೀಕ್ಷಣೆಗೆ ಹೋಗುವುದು ನನ್ನ ಕೆಲಸ. ಒಂದು ವರ್ಷ ಇಂಡಿ ತಾಲ್ಲೂಕಿನ ಶಾಲೆಯೊಂದರಲ್ಲಿ ವಿಜ್ಞಾನ ವಿಷಯದ ಪ್ರಶಿಕ್ಷಣಾರ್ಥಿಯೊಬ್ಬಳು ಜೀವಸತ್ವಗಳ ಪಾಠ ಮಾಡುತ್ತಿದ್ದಳು. ಊರಿನ ತೋಟದ ನಿಂಬೆಹಣ್ಣುಗಳನ್ನೇ ಕಲಿಕೋಪಕರಣವಾಗಿ ತಂದಿದ್ದಳು. ಸಿ ಜೀವಸತ್ವ ಕಡಿಮೆಯಾದರೆ ವಸಡಿನಲ್ಲಿ ರಕ್ತ ಬರುತ್ತದೆ ಎಂದು ಹೇಳಿ ಮುಂದಿನ ಅಂಶಕ್ಕೆ ಹೋದಳು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, ಹಾಗೇಕೆ ಆಗುತ್ತದೆ ಎಂದು ಕೇಳಿದ. ಅವಳು ತಡವರಿಸಿ, ಅವನಿಗೆ ಕೂಡಲು ಹೇಳಿದಳು. ನಾನು ವೀಕ್ಷಣಾ ಪುಸ್ತಕದಲ್ಲಿ ವಿಷಯಜ್ಞಾನ ಸಾಲದು ಎಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಮಾಡಿದೆ.

ಸಂಜೆ ಬಸ್ ನಿಲ್ದಾಣದಲ್ಲಿ ಅವಳು ಅದೇ ಪುಟ ತೆರೆದುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಕುಳಿತಾಗ ನನಗೆ ಹೊಳೆಯಿತು: ಆ ಹುಡುಗನ ಪ್ರಶ್ನೆಗೆ ಪೂರ್ತಿ ಉತ್ತರ ನನಗೂ ಗೊತ್ತಿರಲಿಲ್ಲ. ಉತ್ತರ ಹುಡುಕುತ್ತಾ ಹೋದೆ. ಆ ದಾರಿಯಲ್ಲಿ ಸಿಕ್ಕವರು ಜಿ.ಎನ್. ರಾಮಚಂದ್ರನ್.

ಅವರು ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಮನೆಯಲ್ಲಿಯೇ ಗಣಿತದ ರುಚಿ ಹತ್ತಿತು. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸೇರಿದ್ದು ವಿದ್ಯುತ್ ಇಂಜಿನಿಯರಿಂಗ್ ವಿಭಾಗಕ್ಕೆ. ಆದರೆ ಮನಸ್ಸು ಭೌತಶಾಸ್ತ್ರದ ಕಡೆಗಿತ್ತು. ಬೇಗನೆ ಸಿ.ವಿ. ರಾಮನ್ ಅವರ ವಿಭಾಗಕ್ಕೆ ಬದಲಾಯಿಸಿಕೊಂಡು, ಅವರ ಶಿಷ್ಯರಾದರು. ಮುಂದೆ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಹರಳುಗಳ ಮೇಲೆ ಕೆಲಸ ಮಾಡಿ ಡಾಕ್ಟರೇಟ್ ಪಡೆದು, 1949ರಲ್ಲಿ ಬೆಂಗಳೂರಿಗೆ ಮರಳಿದರು. 1952ರಲ್ಲಿ, ಇನ್ನೂ ಮೂವತ್ತು ತುಂಬುವ ಹೊತ್ತಿಗೆ, ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಅಲ್ಲಿಗೆ ಭೇಟಿ ನೀಡಿದ್ದ ಬ್ರಿಟಿಷ್ ವಿಜ್ಞಾನಿ ಜೆ.ಡಿ. ಬರ್ನಾಲ್, ಕೊಲ್ಯಾಜೆನ್ ಎಂಬ ಪ್ರೋಟೀನಿನ ರಚನೆ ಇನ್ನೂ ಬಿಡಿಸದ ಒಗಟಾಗಿದೆ ಎಂದು ಹೇಳಿದರು. ಕೊಲ್ಯಾಜೆನ್ ನಮ್ಮ ಚರ್ಮ, ಎಲುಬು, ಸ್ನಾಯುರಜ್ಜು, ವಸಡು, ರಕ್ತನಾಳಗಳ ಗೋಡೆ ಎಲ್ಲದರಲ್ಲೂ ಇರುವ ನಾರು. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಗೋಪೀನಾಥ ಕರ್ತಾ ಇದನ್ನು ಕೈಗೆತ್ತಿಕೊಂಡರು. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಣಿ. ಕೊಲ್ಯಾಜೆನ್‌ನಲ್ಲಿ ಮೂರಕ್ಕೊಂದರಂತೆ ಗ್ಲೈಸಿನ್ ಎಂಬ ಅಮೈನೋ ಆಮ್ಲ ಇತ್ತು. ಇದು ಆಕಸ್ಮಿಕವಲ್ಲ ಎಂದು ಅವರಿಗೆ ಅನಿಸಿತು. 1954ರಲ್ಲಿ ಮೂರು ಸರಪಣಿಗಳು ಒಟ್ಟಾಗಿರುವ ಮಾದರಿಯನ್ನು, 1955ರಲ್ಲಿ ಆ ಮೂರೂ ಒಂದರ ಸುತ್ತ ಒಂದು ಹೊಸೆದುಕೊಂಡಿರುವ ಮಾದರಿಯನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ನಮ್ಮ ಭಾಗದ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಹಗ್ಗ ಹೊಸೆಯುವಾಗ ಪ್ರತಿ ಎಳೆಯನ್ನು ಒಂದು ಕಡೆಗೆ ಹುರಿ ಮಾಡಿ, ಎಳೆಗಳನ್ನು ಕೂಡಿಸಿ ಎದುರು ದಿಕ್ಕಿಗೆ ಹೊಸೆಯುತ್ತಾರೆ. ಹಾಗೆ ಮಾಡಿದರೆ ಹಗ್ಗ ಬಿಚ್ಚಿಕೊಳ್ಳುವುದಿಲ್ಲ. ಕೊಲ್ಯಾಜೆನ್‌ನಲ್ಲಿಯೂ ಪ್ರತಿ ಸರಪಣಿ ಎಡಸುರುಳಿ, ಮೂರೂ ಕೂಡಿದಾಗ ಬಲಸುರುಳಿ. ಮೂರು ಎಳೆ ಕೂಡುವ ನಡುವಿನಲ್ಲಿ ಜಾಗ ಬಹಳ ಇಕ್ಕಟ್ಟು. ಅಲ್ಲಿ ಹಿಡಿಯುವುದು ಅತಿ ಚಿಕ್ಕದಾದ ಗ್ಲೈಸಿನ್ ಮಾತ್ರ, ಏಕೆಂದರೆ ಅದಕ್ಕೆ ಪಾರ್ಶ್ವಗುಂಪಾಗಿ ಇರುವುದು ಒಂದೇ ಒಂದು ಹೈಡ್ರೋಜನ್ ಪರಮಾಣು. ಮೂರಕ್ಕೊಂದು ಗ್ಲೈಸಿನ್ ಏಕೆ ಬೇಕು ಎಂಬುದಕ್ಕೆ ಕಾರಣ ಇದೇ.

ಬೇಗನೆ ಆಕ್ಷೇಪಣೆ ಬಂತು. ಎತ್ತಿದವರು ಸಾಮಾನ್ಯರಲ್ಲ, ಅಲೆಕ್ಸಾಂಡರ್ ರಿಚ್ ಮತ್ತು ಡಿಎನ್‌ಎ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್. ಮೂರೆಳೆಯ ಹೊಸೆತ ಸರಿ, ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಅತಿ ಹತ್ತಿರ ಬಂದಿವೆ, ಅಷ್ಟು ಹತ್ತಿರ ಬರಲು ಸಾಧ್ಯವಿಲ್ಲ ಎಂಬುದು ಅವರ ವಾದ. ಎಳೆಗಳನ್ನು ಹಿಡಿದಿಡುವ ಹೈಡ್ರೋಜನ್ ಬಂಧ ಮೂರು ಅಮೈನೋ ಆಮ್ಲಗಳಿಗೆ ಎರಡಲ್ಲ, ಒಂದು ಎಂದೂ ಹೇಳಿದರು.

ಪ್ರಶಿಕ್ಷಣಾರ್ಥಿ ಮಿತ್ರರು ಗಮನಿಸಬೇಕಾದದ್ದು ಇಲ್ಲಿಂದ ಮುಂದೆ ನಡೆದದ್ದನ್ನು. ರಾಮಚಂದ್ರನ್ ಬೇಸರಿಸಿ ಕೂಡಲಿಲ್ಲ, ಬರೀ ಮಾತಿನ ಜಗಳಕ್ಕೂ ಇಳಿಯಲಿಲ್ಲ. ಅತಿ ಹತ್ತಿರ ಎಂದರೆ ಎಷ್ಟು ಎಂಬ ಪ್ರಶ್ನೆಯನ್ನು ಹಿಡಿದುಕೊಂಡರು. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ಕೂಡಿ, ಅದುವರೆಗೆ ರಚನೆ ತಿಳಿದಿದ್ದ ಅಮೈನೋ ಆಮ್ಲ ಮತ್ತು ಚಿಕ್ಕ ಪೆಪ್ಟೈಡ್ ಹರಳುಗಳನ್ನು ಪರಿಶೀಲಿಸಿ, ಬಂಧವಿಲ್ಲದ ಪರಮಾಣುಗಳು ನಿಜವಾಗಿ ಎಷ್ಟು ಸಮೀಪ ಬರುತ್ತವೆ ಎಂದು ಪಟ್ಟಿ ಮಾಡಿದರು. ಎರಡು ಕಾರ್ಬನ್‌ಗಳ ನಡುವೆ ಸಾಮಾನ್ಯ ಮಿತಿ 3.2 ಆಂಗ್‌ಸ್ಟ್ರಾಮ್, ಕಡೆಯ ಮಿತಿ 3.0. ಎರಡು ಹೈಡ್ರೋಜನ್‌ಗಳ ನಡುವೆ 2.0 ಮತ್ತು 1.9. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಭಾಗ ಮಾಡಿದರೆ ಸಿಗುವ ಒಂದು ಭಾಗವೇ ಒಂದು ಆಂಗ್‌ಸ್ಟ್ರಾಮ್.

ಬಳಿಕ ಎರಡನೆಯ ಹೆಜ್ಜೆ. ಎರಡು ಪೋಸ್ಟ್‌ಕಾರ್ಡುಗಳನ್ನು ಮೂಲೆಯಲ್ಲಿ ದಾರದಿಂದ ಕಟ್ಟಿ ನೋಡಿ. ಕಾರ್ಡು ಬಾಗುವುದಿಲ್ಲ, ಆದರೆ ಗಂಟಿನ ಬಳಿ ಎರಡೂ ತಿರುಗುತ್ತವೆ. ಪೆಪ್ಟೈಡ್ ಘಟಕವೂ ಹೀಗೆಯೇ ಚಪ್ಪಟೆ. ಗಂಟಿನ ಜಾಗದಲ್ಲಿರುವ ಕಾರ್ಬನ್‌ನ ಎರಡೂ ಪಕ್ಕದಲ್ಲಿ ಒಂದೊಂದು ತಿರುವು, ಅವುಗಳ ಹೆಸರು ಫೈ ಮತ್ತು ಸೈ. ಪ್ರತಿಯೊಂದೂ 360 ಡಿಗ್ರಿ ತಿರುಗಬಹುದಾದರೂ, ಬಹುಪಾಲು ತಿರುವುಗಳಲ್ಲಿ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ. ತಾಗದೆ ಉಳಿಯುವ ಜೋಡಿ ಕೋನಗಳನ್ನು ಗುರುತಿಸುತ್ತಾ ಹೋದಾಗ ಚೌಕದೊಳಗೆ ಕೆಲವು ದ್ವೀಪಗಳು ಮೂಡಿದವು. 1963ರಲ್ಲಿ ಪ್ರಕಟವಾದ ಈ ಚಿತ್ರವೇ ರಾಮಚಂದ್ರನ್ ನಕ್ಷೆ. ಗ್ಲೈಸಿನ್ ಬಿಟ್ಟು ಉಳಿದ ಅಮೈನೋ ಆಮ್ಲಗಳಿಗೆ ನಕ್ಷೆಯ ಕಾಲುಭಾಗಕ್ಕಿಂತ ಕಡಿಮೆ ಜಾಗ ಮಾತ್ರ ತೆರೆದಿರುತ್ತದೆ. ಆಲ್ಫಾ ಸುರುಳಿ, ಬೀಟಾ ಹಾಳೆ, ಕೊಲ್ಯಾಜೆನ್ ಎಲ್ಲವೂ ಆ ದ್ವೀಪಗಳಲ್ಲೇ ಬೀಳುತ್ತವೆ. ಇಂದಿಗೂ ಹೊಸ ಪ್ರೋಟೀನ್ ರಚನೆಯನ್ನು ಒಪ್ಪುವ ಮುನ್ನ ಈ ನಕ್ಷೆಯಲ್ಲಿಟ್ಟು ನೋಡುತ್ತಾರೆ.

ಇಷ್ಟಕ್ಕೂ ಆಕ್ಷೇಪಣೆ ಪೂರ್ತಿ ತಪ್ಪಾಗಿರಲಿಲ್ಲ. ಹೈಡ್ರೋಜನ್ ಬಂಧದ ವಿಷಯದಲ್ಲಿ ಮೂರಕ್ಕೊಂದು ಎಂಬ ಮಾತೇ ಮುಂದೆ ನಿಂತಿತು. ಮೂರೆಳೆಯ ಹೊಸೆತ ಮದ್ರಾಸಿನವರದಾಗಿ ಉಳಿಯಿತು. ಒಂದು ಮಾದರಿಯಲ್ಲಿ ತಿದ್ದಬೇಕಾದದ್ದೂ ಉಳಿಸಿಕೊಳ್ಳಬೇಕಾದದ್ದೂ ಒಟ್ಟಿಗೆ ಇರಬಹುದು.

1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ಎಕ್ಸ್-ಕಿರಣದ ನೆರಳುಗಳಿಂದ ದೇಹದ ಒಳಚಿತ್ರವನ್ನು ಕಟ್ಟುವ ಸುಲಭ ಗಣಿತ ವಿಧಾನವನ್ನೂ ಅವರು ಕೊಟ್ಟರು. ಸಿ.ಟಿ. ಸ್ಕ್ಯಾನ್‌ನ ಬೆಳವಣಿಗೆಗೆ ಅದು ನೆರವಾಯಿತು. ಅದೇ ವರ್ಷ ಸತೀಶ್ ಧವನ್ ಅವರ ಆಹ್ವಾನದ ಮೇರೆಗೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತಶಾಸ್ತ್ರ ಘಟಕವನ್ನು ಕಟ್ಟಿದರು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಕಾಡಿತು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ರಾಮಚಂದ್ರನ್ ಅವರೂ ನಿಧನರಾದರು.

ಹುಡುಗನ ಪ್ರಶ್ನೆಗೆ ಉತ್ತರ ಇಷ್ಟು: ಕೊಲ್ಯಾಜೆನ್‌ನಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲದ ಮೇಲೆ ಒಂದು ಆಮ್ಲಜನಕ ಸೇರಿದರೆ ಮಾತ್ರ ಮೂರೆಳೆಯ ಹೊಸೆತ ದೇಹದ ಬಿಸಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ಸೇರಿಸುವ ಕಿಣ್ವ ಕೆಲಸ ಮಾಡುತ್ತಿರಲು ಸಿ ಜೀವಸತ್ವ ಬೇಕು. ಅದಿಲ್ಲದಿದ್ದರೆ ಹಗ್ಗ ಸಡಿಲವಾಗುತ್ತದೆ, ರಕ್ತನಾಳದ ಗೋಡೆ ಸೋಲುತ್ತದೆ, ವಸಡಿನಲ್ಲಿ ರಕ್ತ ಕಾಣುತ್ತದೆ.

ಮರುವಾರ ನಾನು ಆ ಪ್ರಶಿಕ್ಷಣಾರ್ಥಿಗೆ ಇದನ್ನೆಲ್ಲ ಹೇಳಿ, ಅಂದು ನನಗೂ ಉತ್ತರ ತಿಳಿದಿರಲಿಲ್ಲ ಎಂದು ಒಪ್ಪಿಕೊಂಡೆ. ಅವಳು ಸೆಣಬಿನ ಮೂರೆಳೆಯ ಹಗ್ಗ ಹಿಡಿದು ಅದೇ ತರಗತಿಗೆ ಹೋದಳು. ಮೊದಲು ಕರೆದದ್ದು ಆ ಹಿಂದಿನ ಸಾಲಿನ ಹುಡುಗನನ್ನೇ. ಹಗ್ಗದ ಒಂದು ತುದಿ ಅವನ ಕೈಗೆ ಕೊಟ್ಟಳು.

ಅಂದಿನಿಂದ ನನ್ನ ವೀಕ್ಷಣಾ ಟಿಪ್ಪಣಿಯ ರೀತಿ ಬದಲಾಗಿದೆ. ರಾಮಚಂದ್ರನ್ ಅವರ ವಿಮರ್ಶಕರು ಮಾದರಿ ಚೆನ್ನಾಗಿಲ್ಲ ಎಂದಷ್ಟೇ ಬರೆದು ಬಿಟ್ಟಿದ್ದರೆ ಯಾರಿಗೂ ಪ್ರಯೋಜನವಾಗುತ್ತಿರಲಿಲ್ಲ. ತಪ್ಪು ಎಲ್ಲಿದೆ ಎಂದು ಅವರು ಬೆರಳಿಟ್ಟು ತೋರಿಸಿದ್ದರು. ಅದನ್ನು ಅಳೆಯಬಹುದಿತ್ತು, ಅಳೆದು ಉತ್ತರ ಕೊಡಬಹುದಿತ್ತು. ವಿಷಯಜ್ಞಾನ ಸಾಲದು ಎಂಬ ನನ್ನ ಸಾಲಿನಲ್ಲಿ ಅಳೆಯುವಂಥದ್ದು ಏನೂ ಇರಲಿಲ್ಲ. ಈಗ ಯಾವ ನಿಮಿಷದಲ್ಲಿ, ಯಾವ ಪ್ರಶ್ನೆಗೆ, ಏನು ಬಿಟ್ಟುಹೋಯಿತು ಎಂದು ಬರೆಯುತ್ತೇನೆ. ಅದರ ಕೆಳಗೆ ಪ್ರಶಿಕ್ಷಣಾರ್ಥಿ ಉತ್ತರ ಬರೆಯಲು ನಾಲ್ಕು ಸಾಲು ಜಾಗ ಬಿಡುತ್ತೇನೆ.